ಭತ್ತದ ಹೊಟ್ಟಿನ ಮೇಲೆ ಕುದುರೆ ನಡೆಸಿದ್ದು

ದಫೇದಾರರು ನನ್ನ ಕ್ಲಿನಿಕ್ಕಿಗೆ ಮೊದಲ ಸಲ ಬಂದದ್ದು ಮೇಲಿನ ಸಾಲಿನ ಎರಡು ಮುಂದಿನ ಹಲ್ಲು ಕಟ್ಟಿಸಿಕೊಳ್ಳುವುದಕ್ಕೆ. ಗಂಗಾವತಿಯಲ್ಲಿ ನಾನು ಹಲ್ಲಿನ ಡಾಕ್ಟರಾಗಿ ಆಗಲೇ ಹದಿನಾರು ವರ್ಷವಾಗಿತ್ತು. ಹಲ್ಲು ಮುರಿದುಕೊಂಡು ಬರುವವರಲ್ಲಿ ಹೆಚ್ಚಿನವರು ಬೈಕಿನಿಂದ ಬಿದ್ದವರು. ಇವರದು ಹಳೆಯ ಪೆಟ್ಟು ಅಂತ ನೋಡಿದ ಕೂಡಲೇ ತಿಳಿಯಿತು. ಹೇಗಾಯಿತು ಎಂದು ಕೇಳಿದೆ.

“ಕುದುರಿ ಮ್ಯಾಲಿಂದ ಬಿದ್ದದ್ದರಿ, ಬಾಯಾರ. ಕುದುರಿದೇನೂ ತಪ್ಪಿರಲಿಲ್ಲ. ನಾನ ಲಗಾಮ್ ಸಡ್ಲ ಬಿಟ್ಟಿದ್ದೆ,” ಅಂದರು.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯವರು. ಸೈನ್ಯದ ಕುದುರೆ ದಳದಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಇದ್ದು ದಫೇದಾರ ಹುದ್ದೆಯಲ್ಲಿ ನಿವೃತ್ತರಾಗಿ, ಗಿಣಿಗೇರಿ ಹತ್ತಿರದ ಕಾರ್ಖಾನೆಯೊಂದರಲ್ಲಿ ಕಾವಲುಗಾರರ ಮೇಲ್ವಿಚಾರಕರಾಗಿದ್ದರು. ಅರವತ್ತರ ಹತ್ತಿರದ ವಯಸ್ಸು. ಹಲ್ಲಿನ ಕೆಲಸಕ್ಕೆ ನಾಲ್ಕು ಸಲ ಬಂದರು. ಬಾಯಲ್ಲಿ ಹತ್ತಿ ಇಟ್ಟಾಗ ಸುಮ್ಮನಿರುತ್ತಿದ್ದರು, ತೆಗೆದ ತಕ್ಷಣ ಬಿಟ್ಟಲ್ಲಿಂದಲೇ ಕುದುರೆಯ ಮಾತು ಮುಂದುವರಿಸುತ್ತಿದ್ದರು. ನಾನೂ ಬೆಂಗಳೂರಿನಲ್ಲಿ ಓದುವಾಗ ಎರಡು ವರ್ಷ ಭಾನುವಾರ ಬೆಳಿಗ್ಗೆ ಕುದುರೆ ಸವಾರಿಗೆ ಹೋಗುತ್ತಿದ್ದೆ ಎಂದು ಹೇಳಿದೆ. ನಾಲ್ಕನೆಯ ಸಲ ಹೊಸ ಹಲ್ಲನ್ನು ಕನ್ನಡಿಯಲ್ಲಿ ನೋಡಿಕೊಂಡು, “ಕುದುರಿ ಒಂದ್ ತರ್ರಿ. ನಾ ಕಲಿಸ್ತೀನಿ,” ಅಂದರು.

ಆಗ ನನಗೆ ನಲವತ್ತೆರಡು. ಮಗಳು ಧಾರವಾಡದ ಹಾಸ್ಟೆಲ್ಲಿಗೆ ಹೋಗಿದ್ದಳು. ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಕ್ಲಿನಿಕ್ ಮುಚ್ಚಿರುತ್ತಿತ್ತು. ಕುದುರೆ ತರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ದಫೇದಾರರಿಗೆ ಬರುತ್ತಿದ್ದ ವಿದ್ಯೆಯ ಹೆಸರು ಡ್ರೆಸಾಜ್. ಅದನ್ನು ನಮ್ಮ ಕಡೆ ವಿವರಿಸುವುದು ಸುಲಭವಲ್ಲ. ಕುದುರೆಗೆ ಡ್ರೆಸ್ ಹಾಕಿಸುತ್ತಾರೆಯೇ ಎಂದು ಇಬ್ಬರು ಕೇಳಿದ್ದರು. ಅಕ್ಕಿ ಗಿರಣಿ ನಡೆಸುವ ನನ್ನ ಗಂಡನಿಗೆ ವಿಷಯ ತಿಳಿಸಿದ್ದು ಊಟದ ಹೊತ್ತಿನಲ್ಲಿ.

“ಓಡಸಾಕ ಏನು?” ಅಂದರು.

“ಅಲ್ಲ.”

“ಹಾರಸಾಕ?”

“ಅಲ್ಲ.”

“ಮತ್ತ?”

“ನಡಸಾಕ.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ನಡಿಯೂದು ಅದಕ್ಕ ಬರ್ತೈತಲ್ಲ?”

ನಡೆಯುವುದು ಬರುತ್ತದೆ, ಆದರೆ ನಾವು ಹೇಳಿದ ಕಡೆ, ಹೇಳಿದ ಗತಿಯಲ್ಲಿ, ನೆಟ್ಟಗೆ ನಡೆದು, ಹೇಳಿದ ಜಾಗದಲ್ಲಿ ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಲ್ಲುವುದು ಬರುವುದಿಲ್ಲ ಎಂದೆ. ಸವಾರ ಹೇಳಿದ್ದು ನೋಡುವವರಿಗೆ ಕಾಣಿಸಬಾರದು, ಕುದುರೆ ತಾನಾಗಿಯೇ ಮಾಡಿದಂತೆ ಇರಬೇಕು ಎಂದೂ ಹೇಳಿದೆ. ಅವರು ಊಟ ಮುಂದುವರಿಸಿದರು. ಬೇಡ ಎನ್ನಲಿಲ್ಲ.

ಕುದುರೆ ಸಿಕ್ಕಿದ್ದು ತಾವರಗೇರಾದಲ್ಲಿ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಮನೆಯವರ ಹತ್ತಿರ ನಾಲ್ಕು ವರ್ಷದ ಹೆಣ್ಣುಕುದುರೆ ಇತ್ತು. ಕಂದು ಬಣ್ಣ, ತುದಿ ಒಳಕ್ಕೆ ಬಾಗಿದ ಕಿವಿ, ತೆಳ್ಳನೆಯ ಕುತ್ತಿಗೆ. ಎರಡು ಮದುವೆಗೆ ಒಯ್ದಿದ್ದರಂತೆ, ಎರಡೂ ಸಲ ಬ್ಯಾಂಡ್ ಶುರುವಾದೊಡನೆ ಹಿಂದೆ ಸರಿದು ಜನರ ಮೇಲೆ ಹೋಗಿತ್ತಂತೆ. ಮುಚ್ಚಿಡದೆ ಎಲ್ಲ ಹೇಳಿದರು. ದಫೇದಾರರು ಅದರ ಕಾಲುಗಳನ್ನು ಒಂದೊಂದಾಗಿ ಎತ್ತಿ ನೋಡಿದರು, ಅರ್ಧ ಗಂಟೆ ಹಗ್ಗ ಹಿಡಿದು ನಡೆಸಿದರು, ಕೊನೆಗೆ ನನ್ನ ಕಡೆ ತಿರುಗಿ, “ಏನೂ ಕಲತಿಲ್ಲ. ಹಂಗಂತ ಏನೂ ಕೆಟ್ಟಿಲ್ಲ,” ಅಂದರು. ಅಂದಿನಿಂದ ಅವರು ಅದನ್ನು ‘ಮಗಳ’ ಎಂದೇ ಕರೆದರು. ನಾನು ಹೆಸರಿಡುವ ಗೋಜಿಗೆ ಹೋಗಲಿಲ್ಲ.

ನಮ್ಮದು ಕಾಲುವೆ ನೀರಿನ ಸೀಮೆ. ನೆಲವೆಲ್ಲ ಗದ್ದೆ, ಕುದುರೆ ನಡೆಸಲು ಆಗದು. ಕೊಪ್ಪಳದ ದಾರಿಯಲ್ಲಿ ಕಾಲುವೆಗಿಂತ ಎತ್ತರಕ್ಕಿದ್ದು ನೀರು ಹತ್ತದ ಒಂದು ಹೊಲ ನಮ್ಮ ಮನೆಯವರದಿತ್ತು. ಅಲ್ಲಿ ನಮ್ಮ ಎಮ್ಮೆಗಳಿದ್ದವು, ಅವನ್ನು ನೋಡಿಕೊಳ್ಳುವ ಹೆಂಗಸು ತನ್ನ ಗಂಡನ ಜೊತೆ ಅಲ್ಲೇ ಮನೆ ಮಾಡಿಕೊಂಡಿದ್ದಳು. ಕೊಟ್ಟಿಗೆಯ ಒಂದು ಬದಿ ಕುದುರೆಗಾಯಿತು. ಹೊಲದಲ್ಲಿ ದಫೇದಾರರು ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದ ಅಳೆದು ಕಲ್ಲು ಆರಿಸಿದರು. ನೆಲ ಗಟ್ಟಿಯಿತ್ತು. ಮರಳಿನ ಜೊತೆ ಬೆರೆಸಲು ಮೆತ್ತನೆಯದು ಏನಾದರೂ ಬೇಕು ಎಂದಾಗ ನನಗೆ ಗಿರಣಿಯ ನೆನಪಾಯಿತು. ಎರಡು ಟ್ರ್ಯಾಕ್ಟರ್ ಭತ್ತದ ಹೊಟ್ಟು ಬಂತು. ಮೊದಲ ವಾರ ಗಾಳಿಗೆ ಅರ್ಧ ಹಾರಿ ಪಕ್ಕದವರ ತೊಗರಿಯ ಮೇಲೆ ಕೂತಿತು. ದಿನಾ ನೀರು ಹೊಡೆಯಲು ಶುರುಮಾಡಿದ ಮೇಲೆ ನಿಂತಿತು.

ಸುತ್ತ ಸುಣ್ಣದ ಗೆರೆ ಎಳೆದರು. ಗೆರೆಯ ಗುಂಟ ಎಂಟು ಹಳೆಯ ಎಣ್ಣೆ ಡಬ್ಬಿ ಇಟ್ಟು, ಅವುಗಳ ಮೇಲೆ ಇಂಗ್ಲಿಷಿನ ಎಂಟು ಅಕ್ಷರ ಬರೆದರು. ಯಾವ ಅಕ್ಷರದ ಹತ್ತಿರ ಏನು ಮಾಡಬೇಕೆಂದು ಸ್ಪರ್ಧೆಯಲ್ಲಿ ಕೊಡುವ ಪರೀಕ್ಷೆಯ ಹಾಳೆಯಲ್ಲಿ ಇರುತ್ತದೆ. ‘ಎ’ ಎನ್ನುವಲ್ಲಿ ಒಳಗೆ ಬರಬೇಕು. ನಡು ಮೈದಾನದ ಬಿಂದುವಿಗೆ ‘ಎಕ್ಸ್’ ಎಂದು ಹೆಸರು, ಅಲ್ಲಿ ಡಬ್ಬಿ ಇರುವುದಿಲ್ಲ, ಇದೆ ಎಂದು ತಿಳಿದುಕೊಳ್ಳಬೇಕು. ಅಲ್ಲಿ ಕುದುರೆ ನಿಲ್ಲಿಸಿ ತೀರ್ಪುಗಾರರಿಗೆ ತಲೆಬಾಗಿ ವಂದಿಸಬೇಕು.

ಮೊದಲ ಎರಡು ತಿಂಗಳು ನನಗೆ ಅಲ್ಲಿ ನಿಲ್ಲಿಸಲು ಆಗಲಿಲ್ಲ. ಕುದುರೆ ಎಕ್ಸ್‌ಗಿಂತ ಮುಂಚೆ ನಿಲ್ಲುತ್ತಿತ್ತು, ಇಲ್ಲವೇ ದಾಟಿ ಹೋಗಿ ನಿಲ್ಲುತ್ತಿತ್ತು. ನಿಂತರೆ ಹಿಂದಿನ ಒಂದು ಕಾಲು ಸಡಿಲಬಿಟ್ಟು, ಬಸ್ ಕಾಯುವವರ ಹಾಗೆ ನಿಲ್ಲುತ್ತಿತ್ತು. ದಫೇದಾರರು ಬೇಲಿಯ ಹತ್ತಿರ ಬೈಕಿನ ಮೇಲೆ ಕೂತು ಹೇಳುತ್ತಿದ್ದರು:

“ಕೈಯಾಗ ಜಗ್ಗಬ್ಯಾಡ್ರಿ, ಬಾಯಾರ. ಉಸಿರು ಬಿಡ್ರಿ, ಸೊಂಟ ಭಾರ ಮಾಡ್ರಿ. ನೀವು ನಿಂತ್ರ ಅದು ನಿಂದರ್ತೈತಿ.”

“ನಾ ನಿಂತೀನಲ್ಲರಿ.”

“ಇಲ್ರಿ. ನಿಮ್ಮ ಭುಜ ಇನ್ನೂ ಹೊಂಟೈತಿ.”

ಅವರು ಹೇಳಿದ್ದು ಸರಿಯಿತ್ತು. ದಿನವಿಡೀ ಜನರ ಬಾಯಿಯ ಮೇಲೆ ಬಗ್ಗಿ ಕೆಲಸ ಮಾಡುವ ನನ್ನ ಬಲ ಭುಜ ಯಾವಾಗಲೂ ಮುಂದಕ್ಕೆ ಬರುತ್ತಿತ್ತು, ಕುದುರೆ ಅದನ್ನು ಮುಂದೆ ಹೋಗು ಎಂದು ಓದಿಕೊಳ್ಳುತ್ತಿತ್ತು. ನನ್ನ ಭುಜದ ಬಗ್ಗೆ ಮನುಷ್ಯರು ಯಾರೂ ಅದುವರೆಗೆ ಏನೂ ಹೇಳಿರಲಿಲ್ಲ.

ಆರನೆಯ ತಿಂಗಳಿಗೆ ನಡಿಗೆಯೂ, ದಫೇದಾರರು ದುಲ್ಕಿ ಎನ್ನುತ್ತಿದ್ದ ಎರಡು ತಾಳದ ನಿಧಾನ ಓಟವೂ ಒಂದು ಹದಕ್ಕೆ ಬಂದಿದ್ದವು. ಬೆಂಗಳೂರಿನ ಹೊರಗಿನ ಒಂದು ಕ್ಲಬ್ಬಿನಲ್ಲಿ ಹವ್ಯಾಸಿಗಳಿಗೆ ಸ್ಪರ್ಧೆ ಇದೆ, ಎಲ್ಲಕ್ಕಿಂತ ಕೆಳಗಿನ ದರ್ಜೆಗೆ ಹೆಸರು ಕೊಡಿ ಎಂದರು. ಕೊಟ್ಟೆ. ಅದೇ ಹೊತ್ತಿಗೆ ಕುದುರೆ ತಲೆ ಕೊಡವಲು ಶುರುಮಾಡಿತು.

ಎಡಕ್ಕೆ ತಿರುಗಿಸಿದರೆ ಸಾಕು, ತಲೆ ಮೇಲಕ್ಕೆ ಎಸೆಯುತ್ತಿತ್ತು. ಒಂದು ಸಲ ಅದರ ನೆತ್ತಿ ನನ್ನ ಗದ್ದಕ್ಕೆ ಬಡಿದು ನಾಲಿಗೆ ಕಚ್ಚಿಕೊಂಡೆ. ದಫೇದಾರರು ಇದನ್ನು ಹಟ ಎಂದರು. ನಾಲ್ಕು ವರ್ಷದ ಕುದುರೆ ಕೆಲಸ ಹೆಚ್ಚಾದಾಗ ಹೀಗೆ ಮಾಡುವುದುಂಟು, ಈಗ ಬಿಟ್ಟುಕೊಟ್ಟರೆ ಜೀವಮಾನವೆಲ್ಲ ಮಾಡುತ್ತದೆ ಎಂದರು. ಬಾಯಿ ತೆರೆಯದಂತೆ ಕಟ್ಟುವ ಮೂಗಿನ ಪಟ್ಟಿಯನ್ನು ಎರಡು ರಂಧ್ರ ಬಿಗಿ ಮಾಡಿದರು. ತಲೆ ಕೊಡವಿದಾಗಲೆಲ್ಲ ಅದೇ ಎಡ ತಿರುವನ್ನು ಮತ್ತೆ ಹತ್ತು ಸಲ ಮಾಡಿಸಿದರು. ಹನ್ನೆರಡು ದಿನ ಹೀಗೆ ನಡೆಯಿತು. ಕುದುರೆಯ ಕುತ್ತಿಗೆ ಬೆವರಿ ನೊರೆ ಬರುತ್ತಿತ್ತು. ನಾನು ಅವರು ಹೇಳಿದಂತೆ ಮಾಡಿದೆ. ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಅದಕ್ಕೇ ಮಾಡಿದೆ.

ಹದಿಮೂರನೆಯ ದಿನ ದಫೇದಾರರಿಗೆ ಬೇರೆ ಪಾಳಿ ಇತ್ತು, ಬಂದಿರಲಿಲ್ಲ. ಜೀನು ಇಳಿಸುತ್ತಿದ್ದಾಗ ಎಮ್ಮೆ ನೋಡಿಕೊಳ್ಳುವ ಹೆಂಗಸು ಹಾಲಿನ ಕೊಡ ಕೆಳಗಿಟ್ಟು ನಿಂತಳು.

“ಅಕ್ಕಾರ, ಒಂದು ಮಾತು ಹೇಳ್ಲೇನ್ರಿ?”

“ಹೇಳು.”

“ಬರೇ ಹಗ್ಗದಾಗ ಹಿಡದು ನೀರಿಗೆ ಒಯ್ತೀನಿ. ಎಡಕ್ಕೂ ಬರ್ತೈತಿ, ಬಲಕ್ಕೂ ಬರ್ತೈತಿ. ತಲಿ ಕೊಡವಂಗಿಲ್ಲ. ಬಾಯಾಗ ಆ ಕಬ್ಬಿಣ ಇಟ್ಟಾಗ ಅಷ್ಟ ಕೊಡವತೈತಿ. ಬಾಯಾಗೇನರ ಆಗೈತೇನ್ರಿ?”

ಹದಿನಾರು ವರ್ಷ ಜನರ ಬಾಯಿ ನೋಡಿದವಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕೈ ತೊಳೆದುಕೊಂಡು ಬಂದೆ. ಅವಳು ಹಗ್ಗ ಹಿಡಿದಳು. ಕುದುರೆಯ ಬಾಯಲ್ಲಿ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ವಸಡಿನ ಜಾಗವಿರುತ್ತದೆ, ಕಡಿವಾಣ ಕೂರುವುದು ಅಲ್ಲಿ. ಬೆರಳು ಮೇಲಿನ ವಸಡಿನ ಗುಂಟ ಹಿಂದಕ್ಕೆ ಒಯ್ದೆ. ಬಲಗಡೆ ನುಣುಪಾಗಿತ್ತು. ಎಡಗಡೆ, ಮೊದಲ ದವಡೆ ಹಲ್ಲಿನ ಮುಂದೆ, ವಸಡಿನ ಕೆಳಗೆ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಒತ್ತಿದೊಡನೆ ಕುದುರೆ ತಲೆ ಎಸೆದು ನಾಲ್ಕು ಹೆಜ್ಜೆ ಹಿಂದೆ ಹೋಯಿತು. ಹೆಂಗಸು ಹಗ್ಗ ಬಿಡಲಿಲ್ಲ.

ಅದೊಂದು ಕೆಲಸವಿಲ್ಲದ ಹಲ್ಲು. ಕೆಲವು ಕುದುರೆಗಳಿಗೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇದರದು ಅರ್ಧ ಹುಟ್ಟಿ ವಸಡಿನೊಳಗೇ ಓರೆಯಾಗಿ ನಿಂತಿತ್ತು. ಎಡ ಲಗಾಮು ಹಿಡಿದಾಗಲೆಲ್ಲ ಕಬ್ಬಿಣ ಅದರ ಮೇಲೆ ಒತ್ತುತ್ತಿತ್ತು. ಮೂಗಿನ ಪಟ್ಟಿ ಬಿಗಿ ಮಾಡಿದ್ದರಿಂದ ಬಾಯಿ ತೆರೆದು ತಪ್ಪಿಸಿಕೊಳ್ಳುವ ದಾರಿಯನ್ನೂ ನಾವು ಮುಚ್ಚಿದ್ದೆವು.

ಎರಡು ದಿನ ಬಿಟ್ಟು ಕೊಪ್ಪಳದಿಂದ ಒಬ್ಬ ಪಶುವೈದ್ಯರು ಬಂದರು. ಮಂಪರಿನ ಇಂಜೆಕ್ಷನ್ ಕೊಟ್ಟು, ವಸಡಿಗೆ ಅರಿವಳಿಕೆ ಹಾಕಿದರು. ಅವರ ಹತ್ತಿರವಿದ್ದ ಉಪಕರಣ ದೊಡ್ಡದಾಯಿತು. ನನ್ನ ಕ್ಲಿನಿಕ್ಕಿನದೊಂದು ಕೊಟ್ಟೆ, ಅದನ್ನು ಮತ್ತೆ ಕ್ಲಿನಿಕ್ಕಿಗೆ ಒಯ್ಯಲಿಲ್ಲ. ನಾನು ಟಾರ್ಚ್ ಹಿಡಿದಿದ್ದೆ. ಹಲ್ಲು ಬೇರು ಸಮೇತ ಬಂತು, ನನ್ನ ಕಿರುಬೆರಳಿನ ತುದಿಯಷ್ಟು. ದಫೇದಾರರು ಕುದುರೆಯ ತಲೆಗೆ ತಮ್ಮ ಭುಜವನ್ನು ಆಸರೆ ಕೊಟ್ಟು ನಿಂತಿದ್ದರು. ವೈದ್ಯರು ಆ ಹಲ್ಲನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ನೋಡಿದರು. ಹಲ್ಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೈಕ್ ಹತ್ತಿ ಹೋದರು.

ಆಮೇಲೆ ಹತ್ತು ದಿನ ಬರಲಿಲ್ಲ. ಫೋನ್ ಮಾಡಿದರೆ ಪಾಳಿ ಬದಲಾಗಿದೆ ಎಂದರು. ಗಾಯ ಮಾಯುವವರೆಗೆ ಹೇಗೂ ಕಡಿವಾಣ ಹಾಕುವಂತಿರಲಿಲ್ಲ, ನಾನು ಕುದುರೆಯನ್ನು ಹಗ್ಗದಲ್ಲಿ ನಡೆಸುತ್ತಿದ್ದೆ. ಹನ್ನೊಂದನೆಯ ದಿನ ನಾನು ಹೋಗುವ ಹೊತ್ತಿಗೆ ಅವರು ಕೊಟ್ಟಿಗೆಯಲ್ಲಿದ್ದರು. ಮೂಗಿನ ಪಟ್ಟಿಯನ್ನು ಬಿಚ್ಚಿ ತೆಗೆದು, ಉಳಿದ ಚರ್ಮಕ್ಕೆ ಎಣ್ಣೆ ಹಚ್ಚುತ್ತಿದ್ದರು. ನನ್ನ ಮುಖ ನೋಡದೆ ಮಾತಾಡಿದರು.

“ನಲವತ್ತು ವರ್ಷ ಆತು ನಾ ಕುದುರಿ ನೋಡಾಕ ಹತ್ತಿ. ಎಷ್ಟ ಕುದುರಿಗೆ ಹಟಮಾರಿ ಅಂದೀನೋ ಏನೋ. ಯಾವುದರ ಬಾಯಾಗೂ ಬೆರಳ ಹಾಕಿ ನೋಡಿಲ್ಲ.”

“ನಾನೂ ನೋಡಿರಲಿಲ್ಲರಿ. ನಂದು ಅದ ಕೆಲಸ.”

“ನೀವು ಕೇಳಿ ಮಾಡಿದವ್ರು. ನಾ ಹೇಳಿ ಮಾಡಿಸಿದಂವ.”

ಅವರು ಚರ್ಮ ಒರೆಸಿ ಎದ್ದರು. ಅಂದು ಮೂಗಿನ ಪಟ್ಟಿಯಿಲ್ಲದೆ ಹತ್ತಿದೆ. ಎಡಕ್ಕೆ ತಿರುಗಿಸುವ ಮುಂಚೆಯೇ ಕುದುರೆಯ ಕುತ್ತಿಗೆ ಗಟ್ಟಿಯಾಯಿತು, ನೋವು ಬರುತ್ತದೆಂದು ಕಾಯುತ್ತಿತ್ತು. ಬರಲಿಲ್ಲ. ಹಾಗೆ ಕಾಯುವುದನ್ನು ಬಿಡಲು ಅದಕ್ಕೆ ಇನ್ನೂ ಮೂರು ವಾರ ಹಿಡಿಯಿತು.

ಸ್ಪರ್ಧೆಗೆ ಸಣ್ಣ ಲಾರಿಯಲ್ಲಿ ಹೋದೆವು. ಭತ್ತದ ಹುಲ್ಲು ಮೊಣಕಾಲುದ್ದ ಹಾಸಿ, ಬದಿಗೆ ಗೋಣಿಚೀಲ ಕಟ್ಟಿ, ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟಿದೆವು. ದಫೇದಾರರು ದಾರಿಯುದ್ದಕ್ಕೂ ಹಿಂದೆ ಕುದುರೆಯ ಜೊತೆಯೇ ನಿಂತಿದ್ದರು. ಕ್ಲಬ್ಬಿನಲ್ಲಿ ನಮ್ಮದರ ಅಕ್ಕಪಕ್ಕ ಇದ್ದವು ಎತ್ತರದ, ಹೊರದೇಶದ ತಳಿಯ ಕುದುರೆಗಳು, ಕತ್ತಿನ ಕೂದಲನ್ನು ಸಣ್ಣ ಸಣ್ಣ ಗಂಟಾಗಿ ಹೆಣೆದಿದ್ದರು. ಯಾರೂ ನಮ್ಮನ್ನು ಕೀಳಾಗಿ ಕಾಣಲಿಲ್ಲ. ಒಬ್ಬಾಕೆ ಬಂದು ನಮ್ಮ ಕುದುರೆಯ ಕೂದಲನ್ನೂ ಹೆಣೆದುಕೊಟ್ಟು ಹೋದಳು.

ಎರಡು ದಿನ, ಎರಡು ಪರೀಕ್ಷೆ. ಮೊದಲ ದಿನ ಗಂಟೆ ಬಾರಿಸಿದರು, ಒಳಗೆ ಹೋದೆ. ಎಕ್ಸ್‌ನಲ್ಲಿ ನಿಂತಿತು, ಹಿಂದಿನ ಕಾಲು ಸಡಿಲವಿತ್ತು, ಆದರೂ ನಿಂತಿತು. ವಂದಿಸಿದೆ. ಬಲಕ್ಕೆ ತಿರುಗಿ ದುಲ್ಕಿಯಲ್ಲಿ ಮೊದಲ ಮೂಲೆಗೆ ಹೋದೆವು. ಅಲ್ಲಿ ಮೈದಾನದ ಅಂಚಿಗೆ ಮೊಣಕಾಲಿಗಿಂತ ಕೆಳಗಿನ ಬಿಳಿ ಹಲಗೆಗಳನ್ನು ಸಾಲಾಗಿ ಇಟ್ಟಿದ್ದರು. ಕುದುರೆ ಹಲಗೆಯನ್ನು ನೋಡಿತು, ಕಿವಿ ಮುಂದೆ ಮಾಡಿತು, ಅವಸರವಿಲ್ಲದೆ ಒಂದೊಂದೇ ಕಾಲೆತ್ತಿ ಅದನ್ನು ದಾಟಿ ಆಚೆಯ ಹುಲ್ಲಿನ ಮೇಲೆ ಹೋಗಿ ನಿಂತಿತು. ನಾಲ್ಕೂ ಕಾಲು ಹೊರಗೆ ಹೋದರೆ ಪರೀಕ್ಷೆ ಮುಗಿಯಿತು ಎಂದು ನಿಯಮ. ಮತ್ತೆ ಗಂಟೆ ಬಾರಿಸಿದರು. ಒಳಗೆ ಹೋಗಿ ಒಂದು ನಿಮಿಷವಾಗಿತ್ತೋ ಇಲ್ಲವೋ.

ಆಗ ನನಗೆ ನಾಚಿಕೆಯಾಗಬೇಕಿತ್ತು. ಅದಕ್ಕಿಂತ ಮೊದಲು ಬಂದದ್ದು ನೆಮ್ಮದಿ, ಮುಗಿಯಿತಲ್ಲ ಎಂದು. ನಾಚಿಕೆ ಆಮೇಲೆ, ಇಳಿದು ಲಗಾಮು ದಫೇದಾರರ ಕೈಗೆ ಕೊಡುವಾಗ ಬಂತು.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಬಿಳಿ ಹಲಗೆಗಳನ್ನು ಸ್ವಲ್ಪ ಹೊತ್ತು ನೋಡಿದರು.

“ತಪ್ಪು ನಂದ. ನಮ್ಮ ಹೊಲದಾಗ ಸುಣ್ಣದ ಗೆರಿ. ದಿನಾ ಅದನ್ನ ದಾಟೇ ಮನಿಗೆ ಹೋಗ್ತಿತ್ತು. ಬಿಳೇದು ಕಂಡ್ರ ದಾಟೂದು ಅಂತ ನಾವ ಕಲಿಸೀವಿ. ಅದು ಕಲತದ್ದನ್ನ ಮಾಡೇತಿ.”

“ನಾಳೆ?”

“ಅದಕ್ಕ ಇವತ್ತ ಸಂಜಿ ಐತಲ್ಲರಿ.”

ಆ ಸಂಜೆ ಸ್ಪರ್ಧೆ ಮುಗಿದ ಮೇಲೆ ಅನುಮತಿ ಕೇಳಿ, ಕುದುರೆಯನ್ನು ಹಗ್ಗದಲ್ಲಿ ಹಿಡಿದು ಮೈದಾನದ ಸುತ್ತ ಹೊರಗಿನಿಂದ ನಡೆಸಿದೆವು. ಪ್ರತಿ ಹಲಗೆಯ ಹತ್ತಿರ ನಿಲ್ಲಿಸಿ ಮೂಸಿ ನೋಡಲು ಬಿಟ್ಟೆವು. ಒಂದನ್ನು ನೆಕ್ಕಿತು. ಒಂದನ್ನು ಕಾಲಿಂದ ಕೆಡವಿತು, ನಾನು ಎತ್ತಿಟ್ಟೆ. ಆಮೇಲೆ ಒಳಗಿನಿಂದ ನಡೆಸಿದೆವು. ಕಾಲೆತ್ತಿದಾಗಲೆಲ್ಲ ದಫೇದಾರರು ಮೆಲ್ಲಗೆ “ಇಲ್ಲ ಮಗಳ, ಇಲ್ಲ” ಎನ್ನುತ್ತಿದ್ದರು, ಕುದುರೆ ಕಾಲಿಳಿಸುತ್ತಿತ್ತು. ಹೀಗೆ ಎಷ್ಟು ಸುತ್ತು ಹಾಕಿದೆವೆಂದು ಎಣಿಸಲಿಲ್ಲ.

ಮರುದಿನ ನಮ್ಮ ಸರದಿ ಹನ್ನೊಂದಕ್ಕೆ ಬಂತು. ಮೊದಲ ಮೂಲೆ ಬಂದಾಗ ಕುದುರೆಯ ಒಂದು ಕಿವಿ ಹಲಗೆಯ ಕಡೆಗೂ ಇನ್ನೊಂದು ನನ್ನ ಕಡೆಗೂ ತಿರುಗಿತು. ನಾನು ಉಸಿರು ಬಿಟ್ಟೆ. ಅದು ಮೂಲೆಯನ್ನು ಅರ್ಧಕ್ಕೇ ಕತ್ತರಿಸಿ ತಿರುಗಿತು, ಆದರೆ ಒಳಗೇ ಉಳಿಯಿತು. ಇಪ್ಪತ್ತು ಮೀಟರಿನ ವೃತ್ತ ಮಾವಿನಕಾಯಿಯ ಆಕಾರಕ್ಕೆ ಬಂತು. ನಡುವೆ ಒಮ್ಮೆ ದೂರದ ಯಾವುದೋ ಕುದುರೆಗೆ ಗಟ್ಟಿಯಾಗಿ ಕೆನೆದು ಉತ್ತರ ಕೊಟ್ಟಿತು, ಕೂತಿದ್ದವರು ನಕ್ಕರು. ಎಡ ತಿರುವಿನಲ್ಲಿ ತಲೆ ಕೊಡವಲಿಲ್ಲ. ಎಡ ಲಗಾಮು ನನ್ನ ಬೆರಳಿನಲ್ಲಿ ಹಗುರಾಗಿತ್ತು, ಆಚೆ ತುದಿಯಲ್ಲಿ ಒಂದು ಬಾಯಿ ಇದೆ ಎಂದು ತಿಳಿಯುವಷ್ಟೇ ಭಾರ. ಆ ಪರೀಕ್ಷೆಯಲ್ಲಿ ನನಗೆ ಸರಿಯಾಗಿ ನೆನಪಿರುವುದು ಅದೊಂದೇ. ಕೊನೆಗೆ ನಡುಗೆರೆಯ ಮೇಲೆ ಬಂದು ನಿಂತೆವು. ನಾಲ್ಕು ಕಾಲೂ ಸಮವಾಗಿದ್ದವೋ ಇಲ್ಲವೋ ಮೇಲಿನಿಂದ ನನಗೆ ಕಾಣಿಸಲಿಲ್ಲ. ವಂದಿಸಿ ಹೊರಬಂದೆ.

ನೂರಕ್ಕೆ ಐವತ್ತಾರು ಚಿಲ್ಲರೆ ಬಂತು. ಕೊನೆಯಿಂದ ಎರಡನೆಯ ಸ್ಥಾನ. ತೀರ್ಪುಗಾರರ ಹಾಳೆಯಲ್ಲಿ ಮೂಲೆಗಳ ಬಗ್ಗೆ, ವೃತ್ತದ ಬಗ್ಗೆ, ನನ್ನ ಬಲ ಭುಜದ ಬಗ್ಗೆ ಬರೆದಿತ್ತು. ಕೊನೆಯಲ್ಲಿ, ಕುದುರೆ ಕಡಿವಾಣವನ್ನು ಶಾಂತವಾಗಿ ಒಪ್ಪಿಕೊಂಡಿದೆ, ನಂಬಿಕೆ ಇಟ್ಟಿದೆ ಎಂಬರ್ಥದ ಒಂದು ಸಾಲಿತ್ತು. ಅದನ್ನು ದಫೇದಾರರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಹಾಳೆ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ತಿರುಗಿ ಬರುವಾಗ ಚಿತ್ರದುರ್ಗ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಲಾರಿಯ ಚಾಲಕ ಏನಾಯಿತು ಎಂದು ಕೇಳಿದ. ಕೊನೆಯಿಂದ ಎರಡನೆಯವರು ಎಂದೆ.

“ಬಿದ್ರೇನ್ರಿ?”

“ಇಲ್ಲ.”

“ಮತ್ತ ಛಲೋ ಆತು ಬಿಡ್ರಿ,” ಎಂದು ಚಹಾ ಹೀರಿದ.

ಎರಡನೆಯ ದಿನದ ಪರೀಕ್ಷೆಯನ್ನು ಯಾರೋ ಫೋನಿನಲ್ಲಿ ಹಿಡಿದು ಕಳಿಸಿದ್ದರು. ಊರಿಗೆ ಬಂದ ಎರಡು ದಿನಕ್ಕೆ ಗಿರಣಿಯ ಆಫೀಸಿನಲ್ಲಿ ಗಂಡನಿಗೆ ತೋರಿಸಿದೆ. ಹೊರಗೆ ಯಂತ್ರದ ಸದ್ದು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

“ಛಲೋನ ನಡದೈತಲ್ಲ. ಇದರಾಗ ತಪ್ಪೇನೈತಿ?”

ಮತ್ತೆ ಹಾಕಿ ತೋರಿಸಿದೆ. ಇಲ್ಲಿ ಮೂಲೆ ಕತ್ತರಿಸಿತು. ಇಲ್ಲಿ ವೃತ್ತ ಚಪ್ಪಟೆಯಾಯಿತು. ಇಲ್ಲಿ ಗತಿ ತಪ್ಪಿತು. ಅವರು ಹ್ಞೂಂ ಎನ್ನುತ್ತಾ ಇನ್ನೊಮ್ಮೆ ಹಾಕು ಎಂದರು. ಮೂರನೆಯ ಸಲ ನೋಡುತ್ತಿದ್ದಾಗ ಹಮಾಲರ ಮೇಸ್ತ್ರಿ ಬಾಗಿಲಿಗೆ ಬಂದ. ಅವನಿಗೆ ಕೈಯಿಂದಲೇ ತಡಿ ಎಂದು ಸನ್ನೆ ಮಾಡಿ, ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

“ಇಲ್ಲಿ ನೋಡು,” ಅಂದರು. “ಇಲ್ಲಿ ನಿಲ್ಲೂ ಮುಂಚೆ ಸ್ವಲ್ಪ ಎಡಕ್ಕ ವಾಲೇತಿ. ಇದನ್ನ ಬರದಾರೇನು?”

ನಾನು ನೋಡಿದೆ. ನಿಜ, ವಾಲಿತ್ತು. ಹಾಳೆಯಲ್ಲಿ ಅದನ್ನು ಬರೆದಿರಲಿಲ್ಲ.